ಮನೆಯ ನಂಬರು

ಆ ಮನೆಯಲ್ಲಿ ಯಾರೂ ಯಾವುದಕ್ಕೂ ಬೇಡ ಅನ್ನುತ್ತಿರಲಿಲ್ಲ. ಸೊರಬದ ಕಡೆಯ ಹುಡುಗಿ ದೀಪಶ್ರೀಗೆ ಇದು ತಿಳಿಯಲು ಒಂದು ವರ್ಷ ಹಿಡಿಯಿತು. ಗುಡವಿ ಕೆರೆಯ ಆಚೆಯ ಹಳ್ಳಿಯಿಂದ ಶಿಕಾರಿಪುರ ತಾಲ್ಲೂಕಿನ ಅರಳಿಕೊಪ್ಪಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ, ಬಿ.ಕಾಂ. ಓದಿದ್ದೇನೆ, ಪೇಟೆಯಲ್ಲಿ ಎಲ್ಲಾದರೂ ಕೆಲಸಕ್ಕೆ ಸೇರಲೇ ಎಂದು ಮಾವನನ್ನು ಕೇಳಿದ್ದಳು. ಮಾವ ಮಂಜಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, "ಸೇರವ್ವ, ಬ್ಯಾಡ ಅಂದೋರು ಯಾರು? ಬಸ್ಸಿನ ಟೈಮ್ ನೋಡ್ಕೋ," ಎಂದಿದ್ದ. ಬಸ್ಸು ಇದ್ದದ್ದು ಬೆಳಗಿನ ಏಳೂವರೆಗೆ. ಎಮ್ಮೆ ಕರೆಯುವುದು, ನಾಷ್ಟಾ ಮಾಡುವುದು, ಹೊಲಕ್ಕೆ ಬುತ್ತಿ ಕಟ್ಟುವುದು ಎಲ್ಲ ಇದ್ದದ್ದೂ ಆ ಹೊತ್ತಿಗೇ. ಒಂಬತ್ತು ವರ್ಷ ಬಸ್ಸು ಅವಳನ್ನು ಬಿಟ್ಟೇ ಹೋಯಿತು.

ಹಾಗಾಗಿ ಸಂಕ್ರಾಂತಿ ಕಳೆದ ವಾರ, ಶಿವಮೊಗ್ಗದ ಒಂದು ಟ್ರಸ್ಟಿನವರು ಊರಿನ ಹಳೇ ಹಾಲಿನ ಡೈರಿಯ ಕೋಣೆಗೆ ಸುಣ್ಣ ಬಳಿದು, ಮಾಡಿನ ಮೇಲೆ ಸೋಲಾರ್ ಕೂರಿಸಿ, ಒಳಗೆ ಹತ್ತು ಕಂಪ್ಯೂಟರ್ ತಂದಿಟ್ಟಾಗ ಅವಳಿಗೆ ಅದು ತನಗಾಗಿಯೇ ಮಾಡಿದ ಕೋಣೆ ಅನ್ನಿಸಿತು. ಹೆಂಗಸರಿಗೆ ಕಂಪ್ಯೂಟರ್ ಕಲಿಸುವ ತರಗತಿ. ಮಧ್ಯಾಹ್ನ ಮೂರರಿಂದ ಐದು. ಕಲಿಸಲು ಊರಿನ ಓದಿದ ಹೆಂಗಸೇ ಬೇಕು. ಮನೆಯಿಂದ ಎಂಟು ನಿಮಿಷದ ನಡಿಗೆ, ಯಾವ ಬಸ್ಸಿನ ಹಂಗೂ ಇಲ್ಲ.

ಆರು ಹಳ್ಳಿಗಳ ಕೇಂದ್ರ ನೋಡಿಕೊಳ್ಳುತ್ತಿದ್ದವಳು ಶಿಕಾರಿಪುರದ ಅಂಬರೀನ್. ಸ್ಕೂಟರಿನಲ್ಲಿ ಬಂದು, ದುಪಟ್ಟಾದ ಧೂಳು ಕೊಡವಿಕೊಂಡು ಅವಳು ಹೇಳಿದ್ದು ಇಷ್ಟು: "ನೋಡಿ ಅಕ್ಕಾ, ಫೆಬ್ರವರಿ ಕೊನೆಯೊಳಗೆ ಹದಿನೈದು ಜನ ಪರೀಕ್ಷೆ ಮುಗಿಸಬೇಕು. ಮುಗಿಸಿದರೆ ಕೇಂದ್ರ ಇಲ್ಲೇ, ನೀವೇ ಟೀಚರ್. ಇಲ್ಲ ಅಂದರೆ ಕಂಪ್ಯೂಟರ್‌ಗಳನ್ನ ಬೇರೆ ಊರಿಗೆ ಒಯ್ತಾರೆ. ನನ್ನ ಕೈಯಲ್ಲಿ ಏನೂ ಇರಲ್ಲ."

ಅರ್ಜಿಯಲ್ಲಿ ಮೊಬೈಲ್ ನಂಬರಿಗೆ ಹತ್ತು ಚೌಕ ಇದ್ದವು. ದೀಪಶ್ರೀಯ ಕೈ ತಾನಾಗಿಯೇ ಮಂಜಪ್ಪನ ನಂಬರು ಬರೆಯಿತು. ಆ ಮನೆಯ ರೇಷನ್ ಕಾರ್ಡಿಗೆ, ಗ್ಯಾಸಿಗೆ, ಬ್ಯಾಂಕಿಗೆ, ಮಗಳು ನಯನಳ ಶಾಲೆಗೆ, ಎಲ್ಲದಕ್ಕೂ ಇದ್ದದ್ದು ಅದೊಂದೇ. ಅದನ್ನು ಮಾವನ ನಂಬರು ಅಂತ ಯಾರೂ ಕರೆಯುತ್ತಿರಲಿಲ್ಲ, ಮನೆ ನಂಬರು ಅನ್ನುತ್ತಿದ್ದರು. ಮದುವೆಯಾಗಿ ಬಂದ ವಾರವೇ, ಅಕ್ಕಪಕ್ಕದವರ ಹೆಸರು ತಿಳಿಯುವ ಮೊದಲೇ, ಅವಳಿಗದು ಬಾಯಿಪಾಠವಾಗಿತ್ತು. ಅವಳದೇ ಒಂದು ಫೋನಿತ್ತು. ಹೋದ ವರ್ಷ ಅದು ನೀರಿನ ತೊಟ್ಟಿಗೆ ಬಿದ್ದ ಮೇಲೆ ಹೊಸದು ತರೋಣ ತರೋಣ ಎನ್ನುತ್ತಲೇ ದಿನ ಹೋಗಿತ್ತು.

"ಇದು ನಿಮ್ಮದೇ ನಂಬರಾ?" ಅಂಬರೀನ್ ಕೇಳಿದಳು.

"ಹೂಂ. ಮನೇದು."

ಅಂಬರೀನ್ ಒಂದು ಕ್ಷಣ ಅವಳ ಮುಖ ನೋಡಿ ಅರ್ಜಿ ಮಡಚಿಟ್ಟಳು.

*

ಮೊದಲ ಎರಡು ವಾರ ಚೆನ್ನಾಗಿಯೇ ನಡೆಯಿತು. ಇಪ್ಪತ್ತೆರಡು ಹೆಂಗಸರು ಸೇರಿದರು. ಮೌಸನ್ನು ಮುಟ್ಟಲು ಹೆದರಿ ಸೆರಗಿನ ತುದಿಯಿಂದ ಹಿಡಿದವರೂ ಇದ್ದರು. ವಸಂತ ಎಂಬವಳು ತೆರೆಯ ಮೇಲೆ ತನ್ನ ಹೆಸರನ್ನು ಟೈಪ್ ಮಾಡಿ, "ನಮ್ಮೆಜಮಾನ್ರಿಗೆ ಇದನ್ನ ತೋರಿಸೋದು ಹೆಂಗೆ? ಕಿತ್ಕೊಂಡು ಹೋಗಾಕಾಗುತ್ತಾ?" ಎಂದು ಎಲ್ಲರನ್ನೂ ನಗಿಸಿದಳು.

ಎಲ್ಲರಿಗಿಂತ ಬೇಗ ಕಲಿತವಳು ರಾಜೇಶ್ವರಮ್ಮ. ಐವತ್ತು ದಾಟಿದವಳು, ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ, ಸ್ವಂತ ಫೋನು ಇಟ್ಟುಕೊಂಡವಳು. ಮಂಜಪ್ಪನ ತಮ್ಮ ಶಿವರಾಮನ ಹೆಂಡತಿ. ಹನ್ನೆರಡು ವರ್ಷದ ಹಿಂದೆ ಅಣ್ಣ ತಮ್ಮ ಬೇರೆಯಾದ ಮೇಲೆ ಎರಡು ಮನೆಗೂ ಮಾತಿರಲಿಲ್ಲ. ತರಗತಿಯಲ್ಲಿ ದೀಪಶ್ರೀ ಅವಳನ್ನು ಚಿಕ್ಕತ್ತೆ ಎನ್ನುತ್ತಿದ್ದಳು. ಮನೆಯಲ್ಲಿ ಅವಳ ಹೆಸರೆತ್ತುತ್ತಿರಲಿಲ್ಲ.

ಮನೆಯಲ್ಲಿ ಅತ್ತೆ ಗುಡ್ಡಮ್ಮನ ಸೊಂಟ ಹಿಡಿಯತೊಡಗಿತು. ಹೊಲದಲ್ಲಿ ಶುಂಠಿ ಕೀಳುವ ಕಾಲ. ಎಂಟು ಆಳು. ಮಧ್ಯಾಹ್ನದ ಪಾತ್ರೆ, ಸಂಜೆಯ ಚಹಾ, ಎಮ್ಮೆ, ಆಮೇಲೆ ರೊಟ್ಟಿ. ಮೂರು ಗಂಟೆಗೆ ಸೊಸೆ ಸೀರೆ ಬದಲಾಯಿಸಿ ಹೊರಟಳೆಂದರೆ ಎಲ್ಲ ಅತ್ತೆಯ ತಲೆಗೆ.

"ನಾನಿಲ್ಲಿ ರೊಟ್ಟಿ ತಟ್ಟಬೇಕು, ನೀನಲ್ಲಿ ಕಂಪ್ಯೂಟರ್ ತಟ್ಟಬೇಕು," ಅಂದಳು ಒಂದು ದಿನ, ಹಿಟ್ಟಿನ ಕೈ ಎತ್ತಿ. "ನನ್ನ ರೊಟ್ಟಿನಾದ್ರೂ ಜನ ತಿಂತಾರೆ."

"ಐದೂಕಾಲಿಗೆ ಬಂದುಬಿಡ್ತೀನಿ ಅತ್ತೆ. ಎಮ್ಮೆ ನಾನೇ ಕರೀತೀನಿ."

"ಐದೂಕಾಲಿಗೆ ಅದು ಒದ್ದು ಹಗ್ಗ ಕಿತ್ಕೊಂಡಿರುತ್ತೆ. ಅದಕ್ಕೆ ನಿನ್ನ ಟೈಮ್ ಟೇಬಲ್ ಓದಾಕೆ ಬರಲ್ಲ."

ನಯನ ಪುಸ್ತಕದಿಂದ ತಲೆಯೆತ್ತದೆ, "ಅಜ್ಜೀಗೂ ಬರಲ್ಲ," ಅಂದಳು.

"ಏ, ಎಂಟು ವರ್ಷದೋಳು ಎಂಟು ವರ್ಷದೋಳಂಗಿರು," ಎಂದು ಗುಡ್ಡಮ್ಮ ಗದರಿಸಿ, ರೊಟ್ಟಿಯನ್ನು ಹಂಚಿನ ಮೇಲೆ ಸ್ವಲ್ಪ ಜೋರಾಗಿಯೇ ಹಾಕಿದಳು.

*

ಮೂರನೇ ವಾರ ಟ್ರಸ್ಟಿನವರು ಹೊಸ ನಿಯಮ ತಂದರು. ಯಾವುದೋ ಊರಲ್ಲಿ ಬಾಗಿಲು ಹಾಕಿದ ಕೇಂದ್ರಕ್ಕೂ ಹಾಜರಿ ಬಿದ್ದಿತ್ತಂತೆ. ಇನ್ನು ಮೇಲೆ ದಿನಾ ಟೀಚರ್ ಮೊದಲು ಕಂಪ್ಯೂಟರಿನಲ್ಲಿ ತನ್ನ ಹೆಸರಿನ ಗುಂಡಿ ಒತ್ತಿ ಕೇಂದ್ರ ತೆರೆಯಬೇಕು. ಆಗ ಟೀಚರ್ ಫೋನಿಗೆ, ದಿನಕ್ಕೆ ಒಂದೇ ಸಲ, ಆರು ಅಂಕಿಯ ಓಟಿಪಿ ಬರುತ್ತದೆ. ಹತ್ತು ನಿಮಿಷದೊಳಗೆ ಅದನ್ನು ಒತ್ತಿದರೆ ಮಾತ್ರ ಹತ್ತೂ ಕಂಪ್ಯೂಟರಿನಲ್ಲಿ ಪಾಠ ಶುರುವಾಗುತ್ತದೆ, ಐದು ಗಂಟೆಯವರೆಗೆ ನಡೆಯುತ್ತದೆ.

"ನಂಬರ್ ಬದಲಾಯಿಸಿಬಿಡಿ ಅಂಬರೀನ್," ಎಂದಳು ದೀಪಶ್ರೀ. "ನಾನೊಂದು ಸಿಮ್ ತಗೋತೀನಿ."

"ಒಂದು ವರ್ಷಕ್ಕೆ ಒಂದೇ ನಂಬರಕ್ಕಾ. ಮಧ್ಯದಲ್ಲಿ ಬದಲಾಯಿಸಿದರೆ ಟೀಚರ್‌ನೇ ಬದಲಾಯಿಸಿದ ಹಾಗೆ ಲೆಕ್ಕ. ನಾನು ಆವತ್ತು ಕೇಳಿದ್ದೆ ನಿಮ್ಮನ್ನ." ಅಂಬರೀನಳ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅದೇ ಹೆಚ್ಚು ಚುಚ್ಚಿತು.

ಊಟದ ಹೊತ್ತಿಗೆ ದೀಪಶ್ರೀ ಮಾವನಿಗೆ ಎರಡನೇ ಸಲ ಸಾರು ಬಡಿಸಿ ಮಾತು ತೆಗೆದಳು. "ಮಾವ, ದಿನಾ ಮೂರು ಗಂಟೆಗೆ ಫೋನ್ ಕೊಟ್ಟರೆ ಐದಕ್ಕೆ ತಂದುಕೊಡ್ತೀನಿ."

ಮಂಜಪ್ಪ ಅನ್ನ ಕಲಸುತ್ತಿದ್ದವನು ನಿಲ್ಲಿಸಿದ. "ಮನೆ ನಂಬರವ್ವ ಇದು. ಶುಂಠಿ ವ್ಯಾಪಾರಿ ಮಾಡ್ತಾನೆ, ಬ್ಯಾಂಕಿಂದ ಬರುತ್ತೆ, ನೆಂಟರು ಮಾಡ್ತಾರೆ. ಅದನ್ನ ಊರ ಮ್ಯಾಲೆ ಕಳಿಸಾಕಾಗುತ್ತಾ?"

ಗಂಡ ಕೊಟ್ರೇಶ್ ಶಿಕಾರಿಪುರದ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ದೀಪಶ್ರೀ ಅವನ ಕಡೆ ನೋಡಿದಳು. ಅವನು ಉಪ್ಪಿನಕಾಯಿಯ ಕಡೆ ನೋಡಿದ.

"ಅಪ್ಪ, ಅವಳಿಗೆ ಆ ನಂಬರು ಬೇಕೇ ಬೇಕಂತೆ," ಎಂದ ಕೊನೆಗೆ.

"ಬೇಕಾದ್ರೆ ತಗೊಳ್ಳಲಿ. ನಾನೇ ಬರ್ತೀನಲ್ಲ ದಿನಾ, ಫೋನ್ ಹಿಡ್ಕೊಂಡು. ನನಗೂ ಮಧ್ಯಾಹ್ನ ಹೊತ್ತು ಹೋಗಲ್ಲ."

ಹೀಗೆ ಮಾರನೆಯ ದಿನದಿಂದ ಮಂಜಪ್ಪ ತರಗತಿಗೆ ಬಂದ. ಅಲ್ಲಿ ಕೈಯಿರುವ ಕುರ್ಚಿ ಒಂದೇ ಇತ್ತು, ಟೀಚರಿನದು. ಅವನು ಅದರಲ್ಲಿ ಕುಳಿತ. ಫೋನು ಕಿಣಿಗುಟ್ಟಿದಾಗ ಅದನ್ನು ತೋಳಿನಷ್ಟು ದೂರ ಹಿಡಿದು ಒಂದೊಂದೇ ಅಂಕಿ ಹೇಳುತ್ತಿದ್ದ, ಹರಾಜು ಕೂಗುವವರ ಹಾಗೆ. ಹೆಂಗಸರು ಸೆರಗು ಹೊದ್ದುಕೊಂಡರು. ನಗು ನಿಂತಿತು. ನಾಲ್ಕು ದಿನದಲ್ಲಿ ಅವನು, "ಏ ವಸಂತ, ಲೇಟು," ಅನ್ನುವುದನ್ನೂ ಕಲಿತ. ಊರಲ್ಲಿ ಅದಕ್ಕೆ ಮಂಜಪ್ಪನ ಕ್ಲಾಸು ಎಂದು ಹೆಸರು ಬಿತ್ತು. ಅವನಿಗೆ ಅದು ಹಿಡಿಸಿತು.

ನಾಲ್ಕೂವರೆಗೆ ಮಾತ್ರ ಎದ್ದು ಹೋಗುತ್ತಿದ್ದ. ಯಲ್ಲಪ್ಪನ ಹೋಟೆಲಿನಲ್ಲಿ ಆಗ ಬಿಸಿ ಮಿರ್ಚಿ ಎಣ್ಣೆಯಿಂದ ಏಳುತ್ತಿತ್ತು. ಮಂಡಕ್ಕಿ, ಮಿರ್ಚಿ, ಚಹಾ, ನಾಲ್ಕು ಮಾತು. ಅವನು ಬರುವಾಗ ಐದು.

*

ಫೆಬ್ರವರಿ ಎರಡನೇ ವಾರದ ಪಾಠ, ಪಹಣಿ ನೋಡುವುದು. ಇದಕ್ಕೆ ಹೆಂಗಸರು ಕಾದಿದ್ದರು. ಇಷ್ಟು ದಿನ ನಾಡಕಚೇರಿಯಲ್ಲಿ ಗಂಡಸರು ಸಾಲು ನಿಂತು ತರುತ್ತಿದ್ದ ಕಾಗದ, ತೆರೆಯ ಮೇಲೆ ತಾವೇ ತೆಗೆಯಬಹುದು. ಒಬ್ಬೊಬ್ಬರೂ ಮನೆಯಿಂದ ಸರ್ವೆ ನಂಬರು ಕೇಳಿಕೊಂಡು ಬಂದಿದ್ದರು.

ರಾಜೇಶ್ವರಮ್ಮ ಯಾರನ್ನೂ ಕೇಳದೆ ಮೊದಲು ತೆಗೆದಳು. ಓದುವಾಗ ಗಟ್ಟಿಯಾಗಿ ಓದುವುದು ಅವಳ ರೂಢಿ. ಸಂಘದಲ್ಲಿ ಓದಿ ಓದಿ ಹಾಗಾಗಿತ್ತು.

"ಹಿಸ್ಸಾ ಒಂದು, ಮಂಜಪ್ಪ, ಮೂರು ಎಕರೆ ಎಂಟು ಗುಂಟೆ. ಹಿಸ್ಸಾ ಎರಡು, ಶಿವರಾಮ..." ಅವಳು ಕನ್ನಡಕ ಸರಿಮಾಡಿಕೊಂಡಳು. "ಎರಡು ಎಕರೆ ಹನ್ನೆರಡು ಗುಂಟೆ."

ಪಕ್ಕದ ಕಂಪ್ಯೂಟರಿನವರೂ ಅವಳ ತೆರೆಯ ಕಡೆ ಬಾಗಿದರು.

"ಸಮಪಾಲು ಆಗಿತ್ತು ಅಂತಿದ್ರಲ್ಲ?" ವಸಂತ ಪಕ್ಕದವಳಿಗೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಮಂಜಪ್ಪ ಕುರ್ಚಿಯಲ್ಲಿ ಮುಂದೆ ಬಾಗಿದ. "ಕೆರೆ ಕೆಳಗಿಂದು ಸೇರಿಸಿ ನೋಡಬೇಕು ಅದನ್ನ. ಬರೀ ಒಂದು ನಂಬರ್ ನೋಡಿದ್ರೆ ಆತಾ?"

"ಕೆರೆ ಕೆಳಗಿಂದೂ ತೆಗೀತೀನಿ," ಎಂದಳು ರಾಜೇಶ್ವರಮ್ಮ, ತೆರೆಯನ್ನೇ ನೋಡುತ್ತಾ. "ಈಗ ಬರುತ್ತಲ್ಲ ನನಗೆ."

ಅವಳು ತೆಗೆದಳು. ಅಲ್ಲಿಯೂ ಅಣ್ಣನದೇ ಹೆಚ್ಚಿತ್ತು. ಈ ಸಲ ಅವಳು ಗಟ್ಟಿಯಾಗಿ ಓದಲಿಲ್ಲ. ಮಂಜಪ್ಪನಿಗೆ ಅದು ಓದಿದ್ದಕ್ಕಿಂತ ಜೋರಾಗಿ ಕೇಳಿಸಿರಬೇಕು. ಆ ದಿನ ನಾಲ್ಕಕ್ಕೇ ಎದ್ದು ಹೋದ.

ಮರುದಿನ ಮೂರು ಗಂಟೆಗೆ ಫೋನು ಕಿಣಿಗುಟ್ಟಿತು. ಮಂಜಪ್ಪ ಅದನ್ನು ಅಂಗಿಯ ಜೇಬಿನಿಂದ ತೆಗೆಯಲಿಲ್ಲ.

"ಮಾವ, ನಂಬರು," ಎಂದಳು ದೀಪಶ್ರೀ.

"ಹೇಳ್ತೀನಿ. ಮೊದಲು ಆಯಮ್ಮ ಎದ್ದು ಹೋಗಲಿ."

ಯಾರು ಎಂದು ಯಾರೂ ಕೇಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಹೋಯಿತು, ಮೂರು ಹೋಯಿತು. ಹತ್ತು ತೆರೆಗಳೂ ಬಿಳಿಯಾಗಿ ಕಾಯುತ್ತಿದ್ದವು. ಇಪ್ಪತ್ತೆರಡು ಹೆಂಗಸರು ಮನೆಯ ಕೆಲಸ ಬಿಟ್ಟು ಬಂದು ಕುಳಿತಿದ್ದರು. ದೀಪಶ್ರೀ ತಿಂಗಳ ಕೊನೆ ಎಷ್ಟು ದೂರ ಅಂತ ಎಣಿಸಿದಳು. ಆಮೇಲೆ ರಾಜೇಶ್ವರಮ್ಮನ ಹತ್ತಿರ ಹೋಗಿ ಬಗ್ಗಿದಳು.

"ಚಿಕ್ಕತ್ತೆ, ಇವತ್ತೊಂದು ದಿನ..."

"ಇವತ್ತೊಂದೇ ದಿನಾನಾ?"

ದೀಪಶ್ರೀ ಮಾವನ ಜೇಬಿನ ಕಡೆ ನೋಡಿದಳು. ರಾಜೇಶ್ವರಮ್ಮ ಚೀಲ ತೆಗೆದುಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನೀನು ಎಬ್ಬಿಸ್ತೀಯ ಅಂದ್ಕೊಂಡಿರಲಿಲ್ಲ ಕಣೇ. ಅವರು ಎಬ್ಬಿಸಲಿ ಅಂತ ಕೂತಿದ್ದೆ," ಎಂದಳು.

"ನಾಲ್ಕು, ಸೊನ್ನೆ, ಒಂಬತ್ತು," ಮಂಜಪ್ಪ ಶುರು ಮಾಡಿದ. ದೀಪಶ್ರೀಯ ಬೆರಳು ಒತ್ತುತ್ತಾ ಹೋಯಿತು.

ರಾತ್ರಿ ಊಟವಾದ ಮೇಲೆ ಕೊಟ್ರೇಶನಿಗೆ ಹೇಳಿಕೊಂಡಳು. ಅವನು ಹಾಸಿಗೆ ಬಿಡಿಸುತ್ತಾ, "ಅಪ್ಪನ ಕಣ್ಣಿಗೆ ಬೀಳದಂಗೆ ಏನಾರ ಮಾಡು," ಅಂದ. ಅದು ಅವನು ಕೊಡಬಹುದಾದ ದೊಡ್ಡ ಸಹಾಯ ಎಂದು ಅವಳಿಗೆ ಗೊತ್ತಿತ್ತು.

*

ತಿಂಗಳ ಕೊನೆಯ ವಾರ ಬಂತು. ಮದುವೆ, ಬಾಣಂತನ, ಶುಂಠಿ ಕೆಲಸ ಅಂತ ಏಳು ಜನ ಮೊದಲೇ ಉದುರಿದ್ದರು. ಹದಿನಾಲ್ಕು ಜನ ಪರೀಕ್ಷೆ ಮುಗಿಸಿದರು. ಇನ್ನೊಬ್ಬರು ಬೇಕು. ಓದಲು, ಒತ್ತಲು ಸರಿಯಾಗಿ ಬರುವವಳು ಹೊರಗಿದ್ದಳು.

ದೀಪಶ್ರೀ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ತುಂಬುವ ನೆಪದಲ್ಲಿ ರಾಜೇಶ್ವರಮ್ಮನಿಗಾಗಿ ಕಾದಳು. "ನಾಲ್ಕೂವರೆಗೆ ಬನ್ನಿ ಚಿಕ್ಕತ್ತೆ. ಹಿತ್ತಲ ಬಾಗಿಲಿಂದ. ಇಪ್ಪತ್ತೈದು ನಿಮಿಷ ಸಾಕು ನಿಮಗೆ."

"ಕಳ್ಳರಂಗಾ?"

"ನನಗೋಸ್ಕರ."

ರಾಜೇಶ್ವರಮ್ಮ ಕೊಡವನ್ನು ಸೊಂಟಕ್ಕೇರಿಸಿದಳು. "ನಿನಗೋಸ್ಕರ ಎದ್ದು ಹೋಗಿದ್ದೂ ಆತು," ಎಂದಳು.

ಆದರೂ ಬಂದಳು. ನಾಲ್ಕೂವರೆಗೆ ಮಂಜಪ್ಪನ ಚಪ್ಪಲಿಯ ಸದ್ದು ಹೋಟೆಲಿನ ಕಡೆ ಹೋದ ಕೂಡಲೆ ಹಿತ್ತಲ ಬಾಗಿಲು ಸರಿಯಿತು. ಮೂವತ್ತು ಪ್ರಶ್ನೆ. ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಮಾತ್ರ ಹೊರಡಲಿಲ್ಲ. ವಸಂತ ಕಿಟಕಿಯಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. ಐದಕ್ಕೆ ನಾಲ್ಕು ನಿಮಿಷವಿರುವಾಗ ತೆರೆಯ ಮೇಲೆ ಹಸಿರು ಗುರುತು ಬಿತ್ತು. ಹದಿನೈದು. ಯಾರೂ ಚಪ್ಪಾಳೆ ತಟ್ಟಲಿಲ್ಲ. ರಾಜೇಶ್ವರಮ್ಮ ಬಂದ ದಾರಿಯಲ್ಲೇ ಹೋದಳು.

ದೀಪಶ್ರೀ ಒಂದನ್ನು ಮರೆತಿದ್ದಳು. ಪರೀಕ್ಷೆ ಮುಗಿಸಿದ ಪ್ರತಿಯೊಬ್ಬರ ಹೆಸರೂ ಟೀಚರಿನ ನಂಬರಿಗೆ ಹೋಗುತ್ತಿತ್ತು.

ಸಂಜೆ ಏಳೂವರೆಗೆ ಎಲ್ಲರೂ ತಟ್ಟೆಯ ಮುಂದೆ ಕುಳಿತಿದ್ದಾಗ ಮಂಜಪ್ಪ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟ. "ಇಂಗ್ಲೀಷಿನಾಗೆ ಏನೋ ಬಂದೈತೆ ನೋಡವ್ವ. ಬ್ಯಾಂಕಿಂದೇನೋ."

ನಯನ ಅಕ್ಷರ ಕೂಡಿಸಿ ಓದಿದಳು. ಅವಳಿಗೆ ಹೆಸರು ಸಿಕ್ಕಿದ್ದೇ ಖುಷಿ. "ಬ್ಯಾಂಕ್ ಅಲ್ಲ ಅಜ್ಜಾ. ರಾಜೇಶ್ವರಮ್ಮ! ಪಾಸಂತೆ. ಹದಿನೈದು ಜನಕ್ಕೆ ಹದಿನೈದು ಜನ. ನಾಲ್ಕು ಐವತ್ತಾರಕ್ಕೆ."

ಗುಡ್ಡಮ್ಮನ ಕೈಯಲ್ಲಿದ್ದ ಸೌಟು ಪಲ್ಯದ ಮೇಲೆಯೇ ನಿಂತಿತು.

"ನಾನು ಚಹಾಕ್ಕೆ ಹೋಗೋದು ಎಷ್ಟೊತ್ತು?" ಮಂಜಪ್ಪ ಕೇಳಿದ. ಸೊಸೆಯನ್ನು ನೋಡದೆ ಕೇಳಿದ.

"ಅರ್ಧ ಗಂಟೆ, ಮಾವ."

"ಅಳತೆ ಇಟ್ಟಿದ್ದೀಯಲ್ಲ."

"ಇಲ್ಲದಿದ್ದರೆ ಕಂಪ್ಯೂಟರ್ ಹೋಗಿಬಿಡ್ತಿದ್ವು ಮಾವ. ನಿಮಗೆ ಹೇಳಿದ್ದೆ, ಹದಿನೈದು..."

"ನಾನೇನಾರ ಅಂದೆನಾ?" ಅವನ ದನಿ ಏರಲಿಲ್ಲ. "ಅವನು ಬ್ಯಾರೆ ಆದದ್ದು ಹೆಂಗೆ ಗೊತ್ತೇನವ್ವ ನಿನಗೆ? ಮೊದಲು ರೇಷನ್ ಕಾರ್ಡು ಬ್ಯಾರೆ ಮಾಡ್ಸಿದ. ಬರೀ ಕಾಗದ ಅಣ್ಣ, ಅಂದ. ಆರು ತಿಂಗಳಿಗೆ ಒಲೆ ಬ್ಯಾರೆ ಆತು. ಅವತ್ತು ನಮ್ಮವ್ವ ಊಟ ಬಿಟ್ಟೋಳು ಆಮ್ಯಾಲೆ ಸರಿಯಾಗಿ ಉಣ್ಣಲೇ ಇಲ್ಲ. ನೀನು ಬರೀ ಓಟಿಪಿ ಅಂತೀಯ."

"ಆಸ್ತಿ ಅಳತೆ ಅವಳು ಮಾಡಿದ್ದಲ್ಲವಲ್ಲ ಅಪ್ಪ," ಎಂದ ಕೊಟ್ರೇಶ್. ಆಡಿದ ಮೇಲೆ ಅವನಿಗೇ ಆಶ್ಚರ್ಯವಾದ ಹಾಗಿತ್ತು.

"ನೀನೂ ಬಾಯಿ ಬಿಟ್ಟೆಯಾ? ಒಳ್ಳೇದಾತು." ಮಂಜಪ್ಪ ತಟ್ಟೆ ಸರಿಸಲಿಲ್ಲ. ಕೊನೆಯ ಅಗುಳಿನವರೆಗೆ ಉಂಡು ಕೈ ತೊಳೆದ. ಅವನು ತಟ್ಟೆ ಸರಿಸಿ ಎದ್ದಿದ್ದರೆ ದೀಪಶ್ರೀಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬೆಳಿಗ್ಗೆ ನೋಡಿದರೆ ಫೋನು ಟಿವಿಯ ಪಕ್ಕದ ಗೂಡಿನಲ್ಲಿತ್ತು, ಕೆಳಗೆ ಮಡಚಿದ ಟವೆಲು ಹಾಸಿ.

"ಇನ್ನು ಮ್ಯಾಲೆ ಇಲ್ಲೇ ಇರಲಿ ಅದು," ಎಂದ ಮಂಜಪ್ಪ. "ನಾನು ಮುಟ್ಟಲ್ಲ. ನಿನ್ನ ನಂಬರು ಬಂದ್ರೆ ನೀನೇ ನೋಡ್ಕೋ. ಆದ್ರೆ ಮನೆ ನಂಬರು ಮನೇಲಿರಬೇಕು, ಹೊಸಲು ದಾಟಬಾರದು. ಅಷ್ಟೇ ನಾನು ಹೇಳೋದು."

ಅವನು ಅದೇ ದಿನ ಪೇಟೆಗೆ ಹೋಗಿ ತನಗೊಂದು ಸಣ್ಣ ಬಟನ್ ಫೋನು, ಹೊಸ ಸಿಮ್ಮು ತಂದುಕೊಂಡ. ಹೊಲಕ್ಕೆ ಒಂದು ಬೇಕಲ್ಲ ಅಂದ. ಬೇರೆ ನಂಬರು ತಂದರೆ ಒಲೆ ಏನಾಗುತ್ತದೆ ಎಂದು ಅವನನ್ನು ಯಾರೂ ಕೇಳಲಿಲ್ಲ. "ನೋಡು, ಅಪ್ಪ ಫೋನೇ ಬಿಟ್ಟುಕೊಟ್ರು," ಎಂದ ಕೊಟ್ರೇಶ್, ಹೆಂಡತಿಗೆ ಖುಷಿಯಾಗಲಿ ಅಂತ. ದೀಪಶ್ರೀ ಗೂಡನ್ನೇ ನೋಡುತ್ತಿದ್ದಳು. ಹತ್ತು ನಿಮಿಷ ಬಾಳುವ ನಂಬರು. ಎಂಟು ನಿಮಿಷದ ದಾರಿ, ಹೋಗಲು ಎಂಟು, ಬರಲು ಎಂಟು.

*

ಮೊದಲ ದಿನ ಓಡಿದಳು. ಕೇಂದ್ರದಲ್ಲಿ ಗುಂಡಿ ಒತ್ತಿ, ಸೆರಗು ಸಿಕ್ಕಿಸಿ, ಹೋಟೆಲಿನ ಮುಂದೆಯೇ ಓಡಿ ಮನೆಗೆ ಹೋಗಿ, ಆರು ಅಂಕಿಯನ್ನು ಬಾಯಲ್ಲಿ ಹಿಡಿದುಕೊಂಡು ಮತ್ತೆ ಓಡಿ ಬಂದಳು. ಯಲ್ಲಪ್ಪ ಬಾಣಲೆಯ ಹಿಂದಿನಿಂದ, "ಏನ್ರೀ ಮೇಡಮ್ಮು, ಬಸ್ಸು ತಪ್ಪಿತಾ?" ಎಂದು ಕೂಗಿದ. ನಾಲ್ಕು ಜನ ನಕ್ಕರು. ಒಳಗೆ ಬಂದು ಒತ್ತುವಾಗ ಅವಧಿ ಮುಗಿದಿತ್ತು. ಎರಡನೇ ದಿನ ನೆಂಟರು ಬಂದರು, ಹೊರಡಲೇ ಆಗಲಿಲ್ಲ. ಸಂಜೆ ಅಂಬರೀನ್ ಮನೆ ನಂಬರಿಗೇ ಫೋನು ಮಾಡಿದಳು.

"ಅಕ್ಕಾ, ಹದಿನೈದು ಆಯ್ತು ಅಂತ ಎಲ್ಲರೂ ಖುಷಿಯಾಗಿದ್ದಾರೆ. ಆದರೆ ಎರಡು ದಿನ ಕೇಂದ್ರ ತೆರೆದಿಲ್ಲ. ಸತತ ಮೂರು ದಿನ ತೆರೆಯದಿದ್ದರೆ ಬೇರೆ ಟೀಚರನ್ನ ಹಾಕ್ತಾರೆ. ನಾಳೆ ಹೇಗಾದರೂ ತೆರೀರಿ."

ದೀಪಶ್ರೀ ಫೋನನ್ನು ಟವೆಲಿನ ಮೇಲಿಟ್ಟು ಅಡುಗೆ ಮನೆಗೆ ಬಂದಳು. ಗುಡ್ಡಮ್ಮ ಒಲೆಯ ಮುಂದೆ ಕಾಲು ನೀವಿಕೊಳ್ಳುತ್ತಿದ್ದಳು.

"ಅತ್ತೆ, ಮೂರು ಗಂಟೆಗೆ ನೀವು ಮನೇಲಿರ್ತೀರಲ್ಲ."

"ನಾನೆಲ್ಲಿಗೆ ಹೋಗ್ತೀನಿ? ನನಗೇನು ಕ್ಲಾಸ್ ಐತಾ?"

"ಫೋನಿಗೆ ಆರು ಅಂಕಿ ಬರುತ್ತೆ. ಅದನ್ನ ನನಗೆ ಹೇಳಬೇಕು. ಅಂಕಿ ನಾನು ಕಲಿಸಿಕೊಡ್ತೀನಿ, ಒಂದು ಗಂಟೆ..."

"ಕಲಿಸಿಕೊಡ್ತಾಳಂತೆ!" ಗುಡ್ಡಮ್ಮ ನಕ್ಕಳು. "ನೋಟು ನೋಡ್ದೆ ಸಂತೆ ಮಾಡ್ತೀನೇನು ನಾನು? ಅಮಾಸೆ ಯಾವತ್ತು ಅಂತ ಕ್ಯಾಲೆಂಡರಿನಾಗೆ ಈ ಮನೆಗೆ ಹೇಳೋರು ಯಾರು? ಅಕ್ಷರ ಬರಲ್ಲ ಅಷ್ಟೇ. ಒಂಬತ್ತು ವರ್ಷದಿಂದ ನೋಡ್ತಿದ್ದೀಯ, ಕೇಳಿದ್ದೀಯೇನು ಒಂದಿನ?"

ದೀಪಶ್ರೀ ಕೇಳಿರಲಿಲ್ಲ. ನಯನ ಅಜ್ಜಿಗೆ ಮೆಸೇಜು ತೆಗೆಯುವುದು, ಕರೆ ಬಂದರೆ ಹಸಿರು ಗುರುತನ್ನು ಎಳೆಯುವುದು ತೋರಿಸಿಕೊಟ್ಟಳು. ಗುಡ್ಡಮ್ಮ ಎರಡು ಸಲ ತಪ್ಪಿ ಮೂರನೇ ಸಲ ಸರಿಮಾಡಿದಳು. ಅಂಕಿಗಳನ್ನು ಸೀಮೆಸುಣ್ಣದಲ್ಲಿ ಒಲೆಕಟ್ಟೆಯ ಮೇಲೆ ಬರೆದಿಟ್ಟುಕೊಳ್ಳುತ್ತೇನೆ, ಆಮೇಲೆ ನೀನು ಫೋನು ಮಾಡು ಎಂದು ತಾನೇ ದಾರಿ ಹುಡುಕಿದಳು.

ಮಾರನೆಯ ದಿನ, ಬುಧವಾರ, ಮೂರು ಗಂಟೆಗೆ ಹದಿನೈದು ಹೆಂಗಸರು ಬಂದು ಕುಳಿತಿದ್ದರು. ರಾಜೇಶ್ವರಮ್ಮ ಈ ಸಲ ಮುಂಬಾಗಿಲಿಂದಲೇ ಬಂದಿದ್ದಳು. ಕೈಯಿರುವ ಕುರ್ಚಿ ಖಾಲಿ ಇತ್ತು, ದೀಪಶ್ರೀ ಅದರಲ್ಲಿ ಕೂರಲಿಲ್ಲ. ಗುಂಡಿ ಒತ್ತಿದಳು. ತೆರೆಯ ಮೂಲೆಯಲ್ಲಿ ಹತ್ತು ನಿಮಿಷ ಇಳಿಯತೊಡಗಿತು. ಎರಡು ನಿಮಿಷ ಬಿಟ್ಟು, ರಾಜೇಶ್ವರಮ್ಮ ಕೊಟ್ಟ ಫೋನಿನಿಂದ ಮನೆಗೆ ಕರೆ ಮಾಡಿದಳು. ಒಂದು ಸಲ ಕಟ್ಟಾಯಿತು. ಇನ್ನೊಂದು ಸಲ ಯಾರೂ ಎತ್ತಲಿಲ್ಲ. ಮೂರನೇ ಸಲಕ್ಕೆ, "ಯಾರು?" ಎಂದು ಗುಡ್ಡಮ್ಮನ ದನಿ ಇಡೀ ಕೋಣೆಗೆ ಕೇಳಿಸಿತು. ರಾಜೇಶ್ವರಮ್ಮ ಲೌಡ್ ಮಾಡಿಟ್ಟಿದ್ದಳು.

"ನಾನು ಅತ್ತೆ, ದೀಪಾ."

"ಇದು ಯಾರ ಫೋನು?"

"ಚಿಕ್ಕತ್ತೆಯದು."

ರಾಜೇಶ್ವರಮ್ಮ ಗೋಡೆಯ ಕಡೆ ನೋಡಿದಳು.

"ಹೂಂ. ಬರ್ಕೋ," ಎಂದಳು ಗುಡ್ಡಮ್ಮ. "ಎಂಟು. ಮೂರು. ಮೂರು. ಸೊನ್ನೆ. ಐದು."

ದೀಪಶ್ರೀ ಒತ್ತಿದಳು. ಐದು ಚೌಕ ತುಂಬಿತು. "ಆರನೇದು, ಅತ್ತೆ?"

"ಐತೆ. ಬರ್ದಿಟ್ಟೀನಿ." ಗುಡ್ಡಮ್ಮ ಉಸಿರು ಎಳೆದುಕೊಂಡಿದ್ದು ಕೇಳಿಸಿತು. "ದೀಪಾ, ನಾನು ಈಸೂರಿಗೆ ತವರಿಗೆ ಹೋಗಿ ಎರಡು ವರ್ಷ ಆತು. ನಮ್ಮಣ್ಣ ಹಾಸಿಗೆ ಹಿಡಿದಾನೆ. ಶಿವರಾತ್ರಿಗೆ ಹೋಗ್ತೀನಿ ಅಂದೆ, ಆಳುಗಳಿಗೆ ರೊಟ್ಟಿ ಯಾರು ತಟ್ಟೋರು ಅಂತಾತು. ನಾಳೆ ಗುರುವಾರ ಹೋಗ್ತೀನಿ. ಭಾನುವಾರ ಬರ್ತೀನಿ."

ಗುರುವಾರ, ಶುಕ್ರವಾರ, ಶನಿವಾರ. ದೀಪಶ್ರೀ ಬೆರಳು ಮಡಚಬೇಕಾಗಿರಲಿಲ್ಲ. ಸರಿಯಾಗಿ ಅಂಬರೀನ್ ಹೇಳಿದ ಮೂರು ದಿನ, ಅಂಕಿ ಹೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ.

"ಅತ್ತೆ, ಎರಡು ದಿನ ಮುಂದೆ ಹಾಕಿದರೆ... ಭಾನುವಾರ ಹೇಗೂ ರಜೆ, ಶನಿವಾರ ಹೋಗಿ..."

"ಯಾವಾಗ್ಲೂ ಮುಂದೇನೇ. ಮೂವತ್ತೈದು ವರ್ಷದಿಂದ ನಾನು ಮುಂದೇನೇ ಹಾಕ್ಕೊಂಡು ಬಂದೀನಿ. ಯಾರೂ ನನ್ನ ಹತ್ತಿರ ಏನೂ ಕೇಳಾಕೆ ಬಂದಿರಲಿಲ್ಲ, ಅದಕ್ಕೇ ಹೇಳಾಕೂ ಆಗಿರಲಿಲ್ಲ. ಇವತ್ತು ನೀನು ಕೇಳ್ತಾ ಇದ್ದೀ." ಅವಳ ದನಿಯಲ್ಲಿ ಹಟವೂ ಇತ್ತು, ನಾಚಿಕೆಯೂ ಇತ್ತು. "ಎಮ್ಮೆ, ರೊಟ್ಟಿ, ಎಲ್ಲ ನೀನು ನೋಡ್ಕೋತೀನಿ ಅನ್ನು. ಅವರಿಗೂ ನೀನೇ ಹೇಳಬೇಕು. ನಾನು ಹೇಳಲ್ಲ."

ತೆರೆಯ ಮೂಲೆಯಲ್ಲಿ ಎರಡು ನಿಮಿಷ ಉಳಿದಿತ್ತು, ಆಮೇಲೆ ಒಂದು ಚಿಲ್ಲರೆ. ವಸಂತ ಮೌಸಿನ ತಂತಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದಳು. ಉಳಿದವರು ತಮಗೇನೂ ಕೇಳಿಸುತ್ತಿಲ್ಲವೆಂಬಂತೆ ಬಿಳಿ ತೆರೆಯನ್ನು ನೋಡುತ್ತಿದ್ದರು. ಆ ಕೋಣೆಯಲ್ಲಿ ತವರಿಗೆ ಹೋಗುವುದನ್ನು ಮುಂದೆ ಹಾಕದವರು ಯಾರೂ ಇರಲಿಲ್ಲ.

"ಹೋಗಿ ಬನ್ನಿ ಅತ್ತೆ," ಎಂದಳು ದೀಪಶ್ರೀ. "ನಾನು ನೋಡ್ಕೋತೀನಿ. ಮಾವನಿಗೂ ಹೇಳ್ತೀನಿ."

"ಇಷ್ಟು ಜನದ ಮುಂದೆ ಹೇಳ್ತಿದ್ದೀ."

"ಹೂಂ."

"ಏಳು," ಎಂದಳು ಗುಡ್ಡಮ್ಮ. ಫೋನು ಇಡುವುದು ಅವಳಿಗೆ ಬರುತ್ತಿರಲಿಲ್ಲ. ಅಡುಗೆ ಮನೆಯಲ್ಲಿ ಪಾತ್ರೆ ಎತ್ತಿಡುವ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಲೇ ಇತ್ತು. ರಾಜೇಶ್ವರಮ್ಮ ಕೈ ಚಾಚಿ ತಾನೇ ಕರೆ ಕತ್ತರಿಸಿದಳು.

ಹತ್ತು ತೆರೆಗಳೂ ಒಟ್ಟಿಗೆ ತೆರೆದವು. ಹೆಂಗಸರು ಕುರ್ಚಿ ಎಳೆದುಕೊಂಡರು.

"ನಾಳೆಯಿಂದ ಏನು ಮಾಡ್ತೀಯೇ?" ರಾಜೇಶ್ವರಮ್ಮ ಮೆಲ್ಲಗೆ ಕೇಳಿದಳು.

ದೀಪಶ್ರೀ ಗಡಿಯಾರ ನೋಡಿದಳು. "ಮೂರು ಹತ್ತಾಯ್ತು ಚಿಕ್ಕತ್ತೆ," ಎಂದಳು. "ಐದರವರೆಗೆ ಇದೆ. ಕೂತ್ಕೊಳ್ಳಿ, ಇವತ್ತಿನ ಪಾಠ ತೆಗೀರಿ."